1990ರ ಶೆವ್ರೊಲೆ ಪಿಕಪ್‌ಗೆ ಹಳೇ ಕಾರ್ಬುರೇಟರ್ ಇಂಜಿನ್ ಕೂರಿಸಬಹುದಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು 1990ರ ಶೆವ್ರೊಲೆ ಸಿ1500 ಪಿಕಪ್. 350 ಇಂಜಿನ್, ಅಂದರೆ 5.7 ಲೀಟರ್ ವಿ8, ಮೇಲೆ ಟಿಬಿಐ ಇಂಜೆಕ್ಷನ್ (ಕಾರ್ಬುರೇಟರ್ ಜಾಗದಲ್ಲಿ ಕೂತು, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವಂಥದ್ದು). ಗೇರ್‌ಬಾಕ್ಸ್ 700ಆರ್4 ಆಟೋಮ್ಯಾಟಿಕ್. ಆರು ತಿಂಗಳಿಂದ ಒಂದೇ ಕಾಟ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ, ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಹಿಂದೆ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ. ಆಗಾಗ ಚೆಕ್ ಇಂಜಿನ್ ಲೈಟ್ ಹತ್ತುತ್ತದೆ. ಪ್ಲಗ್, ಪ್ಲಗ್ ವೈರ್, ಫ್ಯೂಯೆಲ್ ಫಿಲ್ಟರ್, ಒಂದು ಇಂಜೆಕ್ಟರ್ ಎಲ್ಲ ಬದಲಾಯಿಸಿದ್ದಾಯಿತು. ಏನೂ ಪ್ರಯೋಜನ ಇಲ್ಲ.

ದೊಡ್ಡಪ್ಪನ ಹಳೇ ಟ್ರಕ್ಕಿನಿಂದ ಬಿಚ್ಚಿಟ್ಟ 1979ರ 350 ಇಂಜಿನ್ ಒಂದು ಮನೆಯಲ್ಲೇ ಇದೆ. ಕ್ವಾಡ್ರಾಜೆಟ್ ಕಾರ್ಬುರೇಟರ್ ಸಮೇತ. ಬಿಚ್ಚುವಾಗ ಚೆನ್ನಾಗಿ ಓಡುತ್ತಿತ್ತು. ಅದನ್ನೇ ಇಳಿಸಿ, ಕಂಪ್ಯೂಟರ್ರು ಅದರ ವೈರಿಂಗು ಎಲ್ಲ ಕಿತ್ತುಹಾಕೋಣ ಅಂತ ಯೋಚನೆ. ಎರಡೂ 350 ತಾನೇ, ಮೌಂಟ್ ಕೂಡ ಹೊಂದುತ್ತದೆ ಅಂತಾರೆ. ಬೇರೆ ಏನೇನು ನೋಡಿಕೊಳ್ಳಬೇಕು?

ಸ್ಪ್ಯಾನರ್14:
ಮಾಡಬಹುದು. ಇಂಥದ್ದೇ ಟ್ರಕ್ಕಿನಲ್ಲಿ ನಾನು ಮಾಡಿದ್ದೇನೆ. ಇಂಜಿನ್ ಕೂರಿಸುವುದು ಒಂದು ವಾರಾಂತ್ಯದ ಕೆಲಸ. ಅದರ ಸುತ್ತ ಇರುವುದನ್ನು ಹೊಂದಿಸುವುದಕ್ಕೆ ಅದರ ನಾಲ್ಕರಷ್ಟು ಸಮಯ ಹಿಡಿಯಿತು.

ಮೊದಲು ಫ್ಲೆಕ್ಸ್‌ಪ್ಲೇಟ್, ಅಂದರೆ ಇಂಜಿನ್ನಿನ ಕ್ರ್ಯಾಂಕನ್ನು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸೇರಿಸುವ ತಟ್ಟೆ. 1986ರಿಂದ ಈ ಇಂಜಿನ್ನಿಗೆ ಹಿಂದಿನ ಮೇನ್ ಸೀಲ್ (ಕ್ರ್ಯಾಂಕ್‌ನ ಹಿಂಬದಿಯಲ್ಲಿ ಆಯಿಲ್ ಸೋರದ ಹಾಗೆ ತಡೆಯುವುದು) ಒಂದೇ ತುಂಡಿನದು ಬಂತು, ಅದಕ್ಕೆ ಮುಂಚಿನದು ಎರಡು ತುಂಡು. ಕ್ರ್ಯಾಂಕ್‌ನ ಬೋಲ್ಟ್ ವೃತ್ತವೇ ಬೇರೆ: ಹಳೆಯದು 3.58 ಇಂಚು, ಹೊಸದು 3 ಇಂಚು. ನಿಮ್ಮ ಟ್ರಕ್ಕಿನ ಪ್ಲೇಟ್ ಆ ಇಂಜಿನ್ನಿಗೆ ಕೂರುವುದಿಲ್ಲ. ತೂತು ಕೊರೆದು ಕೂರಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಹೊಸ ಪ್ಲೇಟಿನಲ್ಲಿ ಬ್ಯಾಲೆನ್ಸ್ ತೂಕ ಬೇರೆ ಇರುತ್ತದೆ, ಇಡೀ ಟ್ರಕ್ಕು ನಡುಗುತ್ತದೆ. 1979ರ ಇಂಜಿನ್ನಿನದೇ ಪ್ಲೇಟ್ ಹುಡುಕಿ.

ವಾಟರ್ ಪಂಪ್ ವಿಷಯದಲ್ಲಿ ಜಾಸ್ತಿ ಜನ ಏಮಾರುತ್ತಾರೆ. ನಿಮ್ಮ ಟ್ರಕ್ಕಿನಲ್ಲಿ ಒಂದೇ ಅಗಲ ಬೆಲ್ಟು ಎಲ್ಲವನ್ನೂ ತಿರುಗಿಸುತ್ತದೆ, ಅದರ ಬೆನ್ನು ಪಂಪಿನ ಪುಲ್ಲಿಗೆ ತಾಗುತ್ತದೆ, ಹಾಗಾಗಿ ಪಂಪು ಉಲ್ಟಾ ತಿರುಗುತ್ತದೆ. ಹಳೇ ಇಂಜಿನ್ನಿನ ಪಂಪು ವಿ-ಬೆಲ್ಟಿನದು, ಸೀದಾ ತಿರುಗುವಂಥದ್ದು. ನಿಮ್ಮ ಅಗಲ ಬೆಲ್ಟೇ ಉಳಿಸಿಕೊಂಡು ಹಳೇ ಪಂಪ್ ಬಿಟ್ಟರೆ ನೀರು ಸರಿಯಾಗಿ ತಿರುಗುವುದಿಲ್ಲ, ಇಂಜಿನ್ ಕಾದು ಹೋಗುತ್ತದೆ.

ಪೆಟ್ರೋಲ್ ಪ್ರೆಶರ್ ಇನ್ನೊಂದು. ಟ್ಯಾಂಕಿನೊಳಗಿನ ನಿಮ್ಮ ಪಂಪು 9ರಿಂದ 13 ಪಿಎಸ್ಐ (ಒತ್ತಡದ ಅಳತೆ) ಕೊಡುತ್ತದೆ. ಕಾರ್ಬುರೇಟರ್‌ಗೆ 5–6 ಸಾಕು. ಜಾಸ್ತಿಯಾದರೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವನ್ನು ತಳ್ಳಿಕೊಂಡು ಕಾರ್ಬುರೇಟರಿನ ಬೌಲ್ ತುಂಬಿ ಬಿಸಿ ಇಂಜಿನ್ ಮೇಲೆ ಚೆಲ್ಲುತ್ತದೆ. ಬೆಂಕಿ ಹತ್ತುವುದು ಹೀಗೇ. ಅದೇ ಪಂಪು ಇಟ್ಟುಕೊಂಡರೆ ರಿಟರ್ನ್ ಲೈನ್ ಇರುವ ರೆಗ್ಯುಲೇಟರ್ ಹಾಕಿ, ಇಂಜಿನ್ ಆಫ್ ಆದರೆ ಪಂಪೂ ನಿಲ್ಲುವ ಹಾಗೆ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ವೈರ್ ಎಳೆಯಿರಿ. ಹಳೇ ಬ್ಲಾಕಿನ ಮೆಕ್ಯಾನಿಕಲ್ ಪಂಪೇ ಬಳಸುವುದಾದರೆ ಟ್ಯಾಂಕ್ ಇಳಿಸಿ ಒಳಗಿನ ಪಂಪು ತೆಗೆದು ಬರೀ ಪೈಪು ಹಾಕಿ. ನಿಂತ ಪಂಪಿನ ಮೂಲಕ ಪೆಟ್ರೋಲ್ ಎಳೆಯಲು ಅದಕ್ಕೆ ಕಷ್ಟ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹಳೇ ಇಂಜಿನ್ನಿನದೇ ಇರಲಿ. ಟಿಬಿಐನದರಲ್ಲಿ ವೇಗ ಏರಿದ ಹಾಗೆ ಕಿಡಿಯನ್ನು ಮುಂಚೆ ಬರಿಸುವ ತೂಕಗಳು ಇಲ್ಲ, ಟೈಮಿಂಗ್ ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯ 700ಆರ್4ನ ಟಿವಿ (ಥ್ರಾಟಲ್ ವಾಲ್ವ್) ಕೇಬಲ್. ಅದು ಬರೀ ಗೇರ್ ಬದಲಾಯಿಸುವ ಕೇಬಲ್ ಅಲ್ಲ. ನೀವು ಎಷ್ಟು ಆಕ್ಸಿಲರೇಟರ್ ಒತ್ತಿದ್ದೀರಿ ಅಂತ ಗೇರ್‌ಬಾಕ್ಸಿಗೆ ಹೇಳುವುದೇ ಅದು, ಆ ಲೆಕ್ಕದಲ್ಲೇ ಒಳಗೆ ಆಯಿಲ್ ಪ್ರೆಶರ್ ಏರುತ್ತದೆ. ಕಾರ್ಬುರೇಟರ್ ಲಿವರಿನಲ್ಲಿ ಕೊಕ್ಕೆ ತಪ್ಪಾದ ಜಾಗದಲ್ಲಿ ಇದ್ದರೆ ಪ್ರೆಶರ್ ಸಾಲದೆ ಕ್ಲಚ್ ಜಾರಿ ಸುಟ್ಟುಹೋಗುತ್ತದೆ. ನನ್ನ ಗೆಳೆಯ ಒಬ್ಬ ಇದನ್ನು ಬಿಟ್ಟು ಓಡಿಸಿದ. ಒಂದೇ ದಿನಕ್ಕೆ ಮೂರನೇ ಗೇರ್ ಹೋಯಿತು, ಡಿಪ್‌ಸ್ಟಿಕ್ ಎಳೆದರೆ ಕೆಂಪು ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಕೇಬಲ್ ಪೂರ್ತಿ ಹೊರಗೆ ಬಂದಿರಬೇಕು, ಇಷ್ಟು ನೋಡದೆ ಗಾಡಿ ರಸ್ತೆಗೆ ತರಬೇಡಿ. ಕಂಪ್ಯೂಟರ್ ತೆಗೆದರೆ ಕನ್ವರ್ಟರ್ ಲಾಕಪ್ (ಹೈವೇ ವೇಗದಲ್ಲಿ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜಾರದ ಹಾಗೆ ಬಿಗಿಯುವುದು) ಕೂಡ ಕೆಲಸ ಮಾಡುವುದಿಲ್ಲ, ಅದಕ್ಕೂ ಬೇರೆ ಸ್ವಿಚ್ ಬೇಕು. ಇಲ್ಲದಿದ್ದರೆ ಹೈವೇಯಲ್ಲಿ ಗೇರ್‌ಬಾಕ್ಸ್ ಸುಮ್ನೆ ಬಿಸಿಯಾಗುತ್ತದೆ.

ಕಪ್ಪುಹೊಗೆ:
ಸ್ಪ್ಯಾನರ್ ಅವರು ಹೇಳಿದ್ದೆಲ್ಲ ಸರಿ. ಆದರೆ ನನಗೆ ಒಂದು ಅನುಮಾನ. ನಿಮ್ಮ ಇಂಜಿನ್ ಕೆಟ್ಟಿದೆ ಅಂತ ಯಾರು ಹೇಳಿದರು? ನೀವು ಬರೆದ ಲಕ್ಷಣ ಎಲ್ಲವೂ ಪೆಟ್ರೋಲ್ ಜಾಸ್ತಿ ಹೋಗುತ್ತಿರುವುದರದ್ದು. ಬ್ಲಾಕು, ಪಿಸ್ಟನ್ನು ಏನು ತಪ್ಪು ಮಾಡಿವೆ?

ಕಾನೂನು ಕೂಡ ನೋಡಿ. ಅಮೆರಿಕದಲ್ಲಿ ಟ್ರಕ್ಕಿಗಿಂತ ಹಳೇ ವರ್ಷದ ಇಂಜಿನ್ ಹಾಕಿ ರಸ್ತೆಗೆ ಇಳಿಸುವುದು, ಹೊಗೆ ಕಡಿಮೆ ಮಾಡುವ ಸಲಕರಣೆ ಕಿತ್ತುಹಾಕುವುದು ಎರಡೂ ನಿಯಮಕ್ಕೆ ವಿರುದ್ಧ.

ಇಂಜಿನ್ ಇಳಿಸುವ ಮುಂಚೆ ಐದು ನಿಮಿಷ ಕೊಡಿ. ಸ್ಟೇರಿಂಗ್ ಕೆಳಗೆ ಡ್ಯಾಶ್‌ಬೋರ್ಡ್ ತಳದಲ್ಲಿ 12 ಪಿನ್ನಿನ ಕನೆಕ್ಟರ್ ಇದೆ. ಅದರ ಎ ಮತ್ತು ಬಿ ಪಿನ್ನನ್ನು ಒಂದು ತಂತಿಯಿಂದ ಸೇರಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಚೆಕ್ ಇಂಜಿನ್ ಲೈಟ್ ಒಂದು ಸಲ ಮಿನುಗಿ, ಸ್ವಲ್ಪ ನಿಂತು, ಎರಡು ಸಲ ಮಿನುಗುತ್ತದೆ. ಅದು 12. ಮೂರು ಬಾರಿ ಬರುತ್ತದೆ, ಕಂಪ್ಯೂಟರ್ ಸರಿ ಇದೆ ಅಂತ ಅರ್ಥ. ಆಮೇಲೆ ಬರುವ ನಂಬರ್ ಬರೆದುಕೊಳ್ಳಿ. 45 ಬಂದರೆ ಹೊಗೆಯಲ್ಲಿ ಪೆಟ್ರೋಲ್ ಜಾಸ್ತಿ ಇದೆ ಅಂತ. ಅದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಡಿ, ಅದು ಬರೀ ಸುದ್ದಿ ಹೇಳುತ್ತಿದೆ, ತಪ್ಪು ಬೇರೆ ಕಡೆ ಇರುತ್ತದೆ.

ಟಿಬಿಐನಲ್ಲಿ ಗಾಳಿ ಅಳೆಯುವ ಮೀಟರ್ ಇಲ್ಲ. ಎಂಎಪಿ ಸೆನ್ಸರ್ ಮ್ಯಾನಿಫೋಲ್ಡಿನ ಒತ್ತಡ ನೋಡಿ ಹೇಳುವುದೇ ಲೆಕ್ಕ. ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪಿನಲ್ಲಿ ಸೀಳು ಬಿದ್ದರೆ ಇಂಜಿನ್ ಮೇಲೆ ಭಾರ ಬಿದ್ದಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಅದನ್ನೇ ಮೊದಲು ನೋಡಿ.

ಹಳೇಗಾಡಿ:
ಇವತ್ತು ಸಂಜೆ ನೋಡಿದೆ. 12 ಮೂರು ಸಲ, ಆಮೇಲೆ 45. ಬೇರೆ ಯಾವುದೂ ಇಲ್ಲ. ಪೈಪು ಮೇಲಿನಿಂದ ಚೆನ್ನಾಗೇ ಕಂಡಿತು. ಕಿತ್ತು ಕೈಯಲ್ಲಿ ಬಗ್ಗಿಸಿದಾಗ ತಿರುವಿನ ಕೆಳಗಡೆ ಉಗುರಿನಷ್ಟು ಸೀಳು, ಬಾಯಿ ತೆರೆದ ಹಾಗೆ ಬಿಚ್ಚಿಕೊಂಡಿತು. ಬಿಸಿಗೆ ರಬ್ಬರ್ ಮೆತ್ತಗಾದಾಗಲೇ ಅದು ತೆರೆಯುತ್ತಿತ್ತು ಅನಿಸುತ್ತದೆ, ಅದಕ್ಕೇ ಬೆಳಿಗ್ಗೆ ಸರಿ ಇರುತ್ತಿತ್ತು. ಹೊಸ ಪೈಪು ಹಾಕಿ ಅರ್ಧ ಗಂಟೆ ಓಡಿಸಿದೆ. ಹೊಗೆ ಇಲ್ಲ. ಐಡ್ಲಿಂಗ್ ಒಂದೇ ಸಮ ನಿಂತಿದೆ. ಆರು ತಿಂಗಳಿಂದ ಇಂಜಿನ್ನನ್ನೇ ಬೈಯುತ್ತಿದ್ದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಸ್ಪ್ಯಾನರ್14:
ಒಳ್ಳೆಯದಾಯಿತು! ದೊಡ್ಡಪ್ಪನ ಇಂಜಿನ್ನಿಗೆ ಗಾಳಿ ತಾಗದ ಹಾಗೆ ತೂತುಗಳನ್ನು ಮುಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ಆಯಿಲ್ ಬಿಟ್ಟು ಇಡಿ. ಕಾರ್ಬುರೇಟರ್ ಇದ್ದ ಹಳೇ ಟ್ರಕ್ಕು ಒಂದು ಸಿಕ್ಕರೆ ಅದಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ.

ಕಪ್ಪುಹೊಗೆ:
ಒಂದು ಮರೆತೆ. ಇಂಜಿನ್ ಆಯಿಲ್ಲಿನ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆರು ತಿಂಗಳು ಜಾಸ್ತಿ ಪೆಟ್ರೋಲ್ ಕುಡಿದ ಇಂಜಿನ್ ಅದು, ಉರಿಯದ ಪೆಟ್ರೋಲ್ ಸಿಲಿಂಡರಿನಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರಿರುತ್ತದೆ. ವಾಸನೆ ಬಂದರೆ, ಆಯಿಲ್ ತೆಳ್ಳಗಾಗಿದ್ದರೆ, ದೂರ ಓಡಿಸುವ ಮುಂಚೆಯೇ ಆಯಿಲ್ಲೂ ಫಿಲ್ಟರೂ ಬದಲಾಯಿಸಿ.