ಮಿರ್ಚಿ ಅಳೆದ ಸಂಜೆ

ಮಗಳ ಕಂಪಾಸ್ ಬಾಕ್ಸಿನಿಂದ ಸ್ಕೇಲ್ ಎತ್ತಿಕೊಂಡು ಬಂದವನು ಖಾಜಾ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕಾಕಾನ ಬಂಡಿ ಮುಂದೆ ನಾವು ಮೂವರು ಸಂಜೆ ಸೇರುತ್ತೇವೆ. ದಿನವಿಡೀ ಬಿಸಿಲಲ್ಲಿ ಬೆವರಿ, ಸಂಜೆ ಮತ್ತೆ ಬೆವರಲು ಬಿಸಿ ಮಿರ್ಚಿ ತಿನ್ನುವ ಜನ ನಾವು.

"ನಾಲ್ಕೂವರೆ ಇಂಚು! ಹೋದ ವರ್ಷ ಆರು ಇತ್ತು. ರೇಟ್ ಮಾತ್ರ ಅದೇ."

"ಮೆಣಸಿನಕಾಯಿನೇ ಸಣ್ಣದು ಬಂದರೆ ನಾನೇನ್ ಮಾಡ್ಲಿ?" ಅಂದರು ಕಾಕಾ.

ಮಲ್ಲು ಕಾಕಾನ ಪರ ನಿಂತ. ಅವನದು ಆಳಂದದ ಕಡೆ ತೊಗರಿ ಹೊಲ. "ಐದು ರೂಪಾಯಿ ಬಿಸ್ಕೆಟ್ ಪ್ಯಾಕೆಟ್ ಸಣ್ಣದಾದರೆ ಯಾರೂ ಸ್ಕೇಲ್ ತರಲ್ಲ. ಕಾಕಾ ಮಾಡಿದರೆ ಮಾತ್ರ ತರ್ತೀರಿ."

ನಾನು ಸುಮ್ನೆ ಇರಬಹುದಿತ್ತು. ಆದರೆ ಓದಿದ್ದನ್ನು ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರ. ಅಮೆರಿಕದಲ್ಲಿ ಕೋಕಾ-ಕೋಲಾ 1886ರಿಂದ ಸುಮಾರು 70 ವರ್ಷ ಐದು ಸೆಂಟಿಗೇ ಸಿಗುತ್ತಿತ್ತು. ಬಾಟಲಿ ಮಾರುವ ಯಂತ್ರಗಳು ಐದು ಸೆಂಟಿನ ಒಂದೇ ನಾಣ್ಯ ನುಂಗುತ್ತಿದ್ದವು. ಅದರ ಮುಂದಿನ ನಾಣ್ಯ ಹತ್ತು ಸೆಂಟು. ಹಾಗಂತ ಬೆಲೆ ಒಮ್ಮೆಲೇ ಎರಡು ಪಟ್ಟು ಮಾಡೋಕಾಗುತ್ತಾ? ಕೊನೆಗೆ ಕಂಪನಿಯ ದೊಡ್ಡವರು 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೇ ಕೇಳಿದರು, ಏಳೂವರೆ ಸೆಂಟಿನ ನಾಣ್ಯ ಹೊಡೆಸಿ ಅಂತ. ಆಗಲಿಲ್ಲ, ಆ ಮಾತು ಬೇರೆ.

"ನಾಣ್ಯಕ್ಕೆ ಅಧ್ಯಕ್ಷರ ತನಕ ಹೋದರಾ?" ಕಾಕಾ ಕರಿಯುವ ಜಾಲರಿ ಸೌಟು ಕೆಳಗಿಟ್ಟರು. "ನಾನು ಎರಡು ರೂಪಾಯಿ ಚಿಲ್ಲರೆ ಕೇಳಿದರೆ ನೀವು ಮುಖ ತಿರುಗಿಸ್ತೀರಿ."

ಖಾಜಾ ಬಿಡುವವನಲ್ಲ. ದೇಶದೇಶಗಳ ದುಡ್ಡನ್ನು ಮೆಕ್‌ಡೊನಾಲ್ಡ್ಸ್‌ನ ಬಿಗ್ ಮ್ಯಾಕ್ ಬರ್ಗರ್ ಬೆಲೆಯಲ್ಲಿ ತೂಗುವ ಲೆಕ್ಕವನ್ನು 'ದಿ ಇಕನಾಮಿಸ್ಟ್' ಪತ್ರಿಕೆ 1986ರಲ್ಲಿ ಶುರು ಮಾಡಿತು. ನಮ್ಮಲ್ಲಿ ಆ ಬರ್ಗರ್ ಇಲ್ಲ ಅಂತ ಕೋಳಿಯ ಮಹಾರಾಜ ಮ್ಯಾಕ್ ಹಿಡಿದು ಲೆಕ್ಕ ಹಾಕುತ್ತಾರೆ. "ಹಾಗಾದರೆ ಮಿರ್ಚಿ ಸೂಚ್ಯಂಕ ಯಾಕಾಗಬಾರದು? ಬೀದರ್, ಯಾದಗಿರಿ, ಕಲಬುರಗಿ!"

"ಜೊತೆಗೆ ಉಳ್ಳಾಗಡ್ಡಿ ಫ್ರೀ ಕೊಟ್ಟರೆ ಅದನ್ನ ಎಲ್ಲಿ ಹಿಡೀತಿ?" ಎಂದ ಮಲ್ಲು. ಸೂಚ್ಯಂಕ ಅಲ್ಲೇ ಬಿತ್ತು.

ಕಾಕಾ ನಿಟ್ಟುಸಿರು ಬಿಟ್ಟರು. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ಎಣ್ಣೆ ಹೊರಗೆ ಕಳಿಸುವುದನ್ನು ನಿಲ್ಲಿಸಿತ್ತಲ್ಲ, ಭಜಿ ಕರಿಯುವ ಎಣ್ಣೆ ಏರಿದ್ದು ಅವರಿಗೆ ಇನ್ನೂ ನೆನಪು. ಮೂರ್ನಾಲ್ಕು ವಾರಕ್ಕೆ ಮತ್ತೆ ಬಿಟ್ಟರು ಅನ್ನಿ.

"ಆಮೇಲೆ ಎಣ್ಣೆ ಇಳಿಯಿತು. ನಿಮ್ಮ ಭಜಿ ಇಳಿಯಲಿಲ್ಲ," ಅಂದೆ. ಬೆಲೆ ರಾಕೆಟ್ ಹಾಗೆ ಏರುತ್ತದೆ, ಗರಿ ಹಾಗೆ ಇಳಿಯುತ್ತದೆ ಅಂತ ಅರ್ಥಶಾಸ್ತ್ರದವರು ಹೇಳುತ್ತಾರೆ.

"ಅವರು ನಮ್ಮ ಗಂಜ್ ಮಾರ್ಕೆಟ್‌ಗೆ ಬಂದಿಲ್ಲ," ಮಲ್ಲು ಗುಡುಗಿದ. "ತೊಗರಿದು ಉಲ್ಟಾ. ಏರುವಾಗ ಗರಿ, ಬೀಳುವಾಗ ರಾಕೆಟ್. ಮೊಜಾಂಬಿಕ್‌ನಿಂದ ತೊಗರಿ ಹಡಗು ಹೊರಟಿದೆ ಅನ್ನೋ ಸುದ್ದಿ ಸಾಕು."

"2019ರಲ್ಲಿ ನಮ್ಮ ತೊಗರಿಗೆ ಈ ನೆಲದ್ದೇ ಅನ್ನೋ ಜಿಐ ಟ್ಯಾಗ್ ಬಂತಲ್ವಾ?" ಅಂದೆ.

"ಟ್ಯಾಗ್ ಚೀಲದ ಮೇಲೆ. ರೇಟ್ ಹಡಗಿನ ಮೇಲೆ."

ಅಷ್ಟರಲ್ಲಿ ಕಾಕಾ ಹೊಸ ಮಿರ್ಚಿ ಒಂದನ್ನು ಖಾಜಾನ ತಟ್ಟೆಗೆ ಹಾಕಿದರು. ಅಳೆದ. ಏಳು ಇಂಚು! ಗೆದ್ದವನ ಹಾಗೆ ಕಚ್ಚಿದ. ಮತ್ತೆ ಕಚ್ಚಿದ.

"ಕಾಕಾ, ಬರೀ ಹಿಟ್ಟು! ಮೆಣಸಿನಕಾಯಿ ಎಲ್ಲಿ?"

"ನೀವು ಅಳೆದಿದ್ದು ಭಜಿನಾ, ಮೆಣಸಿನಕಾಯಿನಾ?" ಅಂದ ಕಾಕಾ ಮುಂದಿನ ಗಿರಾಕಿ ಕಡೆ ತಿರುಗಿದರು.