ಅಪ್‌ಡೇಟ್: ಎಳೆದು ಬಿಗಿದ ರಬ್ಬರ್ ಹಾಳೆಯ ಲೆಕ್ಕ ಕೊನೆಗೂ ಸರಿಹೋಯ್ತು

ಹೋದ ವಾರ ಕೇಳಿದ್ದು ಇದು: ಪುಣೆ ಬಳಿಯ ಭೋಸರಿಯಲ್ಲಿ ಕೊಂಡ ರಬ್ಬರ್ ಹಾಳೆಯನ್ನು ಒಂದು ದಿಕ್ಕಿಗೆ 1.5 ಪಟ್ಟು ಎಳೆದು, ಆ ಸ್ಥಿತಿಯನ್ನೇ ಆರಂಭ ಅಂತ ಹಿಡಿದರೆ ಐಸೋಟ್ರೋಪಿಕ್ (ಎಲ್ಲ ದಿಕ್ಕಿಗೂ ಒಂದೇ ಗುಣದ) ನಿಯೋ-ಹುಕಿಯನ್ ಮಾದರಿ, ಅಂದರೆ ರಬ್ಬರಿನಂಥ ವಸ್ತುಗಳಿಗೆ ಬಳಸುವ ಸರಳ ಸೂತ್ರ, ಯಾಕೆ ತಪ್ಪು ಉತ್ತರ ಕೊಡುತ್ತೆ?

ಮೆಶ್ (ಲೆಕ್ಕಕ್ಕಾಗಿ ಹಾಳೆಯನ್ನು ತುಂಡುಮಾಡುವ ಜಾಲ) ಸಣ್ಣ ಮಾಡಿದ್ದರಿಂದ ಏನೂ ಬದಲಾಗಲಿಲ್ಲ. ಅಕ್ಷ ತಿರುಗಿಸಿದ್ದೂ ದಂಡ. ಐಸೋಟ್ರೋಪಿಕ್ ಮಾದರಿಗೆ ಅಕ್ಷದ ಹಂಗೇ ಇಲ್ಲವಲ್ಲ! ಕೆಲಸಕ್ಕೆ ಬಂದದ್ದು ‘ನಾಲ್ ನಿಯಮ ನೋಡಿ’ ಎಂದವರ ಮಾತು.

ಆ ನಿಯಮ ಹೇಳೋದು: ಆರಂಭ ಸ್ಥಿತಿ ಬದಲಾದರೆ ಸಮ್ಮಿತಿ ಗುಂಪೂ (ಮೊದಲೇ ಮಾಡಿದರೂ ವಸ್ತುವಿನ ವರ್ತನೆ ಬದಲಾಗದ ತಿರುಗುವಿಕೆಯಂಥವುಗಳ ಗುಂಪು) ಬದಲಾಗುತ್ತೆ. ಹಳೆಯ ಗುಂಪಿನ ಪ್ರತಿ ಮ್ಯಾಟ್ರಿಕ್ಸಿನ ಎಡಕ್ಕೆ ಎಳೆತದ ಗ್ರೇಡಿಯೆಂಟ್ ‘ಪಿ’ (ಯಾವ ದಿಕ್ಕಿಗೆ ಎಷ್ಟು ಪಟ್ಟು ಎಳೆದಿದೆ ಎನ್ನುವ ಮ್ಯಾಟ್ರಿಕ್ಸ್), ಬಲಕ್ಕೆ ಅದರ ವಿಲೋಮ. ಇಲ್ಲಿ ಪಿ ಕರ್ಣದಲ್ಲಿ 1.5, 0.8165, 0.8165 (ಒಟ್ಟು ಗಾತ್ರ ಬದಲಾಗದಂತೆ). ದಪ್ಪದ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸುವ ಮ್ಯಾಟ್ರಿಕ್ಸ್ ಹಾಕಿ ನೋಡಿ: −1, 1 ಇದ್ದ ಜಾಗದಲ್ಲಿ −1.837, 0.544 ಬರುತ್ತೆ. ಅದು ತಿರುಗುವಿಕೆಯೇ ಅಲ್ಲ! ಅಂದರೆ ಎಳೆದ ಸ್ಥಿತಿಯಿಂದ ನೋಡಿದರೆ ಹಾಳೆ ಐಸೋಟ್ರೋಪಿಕ್ ಅಲ್ಲ. ಎಳೆದ ಅಕ್ಷವನ್ನು ಅದೇ ಗೆರೆಯ ಮೇಲೆ ಇಡುವಂಥ ತಿರುಗುವಿಕೆಗಳು ಮಾತ್ರ ಹಾಗೇ ಉಳಿಯುತ್ತವೆ.

ಕೋಡಲ್ಲಿ ಬದಲಾದದ್ದು ಒಂದೇ ಸಾಲು. ಹೊಸ ಗ್ರೇಡಿಯೆಂಟನ್ನು (ಎಳೆದ ಸ್ಥಿತಿಯಿಂದ ಅಳೆದದ್ದು) ಬಲಗಡೆ ಪಿ-ಯಿಂದ ಗುಣಿಸಿ ಹಳೆಯ ಸೂತ್ರಕ್ಕೇ ಕೊಡಬೇಕು. ಹೊಸ ಗ್ರೇಡಿಯೆಂಟ್ ಐಡೆಂಟಿಟಿ ಇದ್ದಾಗ, ಅಂದರೆ ಮತ್ತೇನೂ ಎಳೆಯದಿದ್ದಾಗ, ಸ್ಟ್ರೆಸ್ ಸೊನ್ನೆ ಬರಬಾರದು; ಹಾಳೆ ಆಗಲೇ ಬಿಗಿದಿದೆಯಲ್ಲ. ಷಿಯರ್ ಮಾಡ್ಯುಲಸ್ (ಪಕ್ಕಕ್ಕೆ ಜಾರಿಸಿದಾಗಿನ ಬಿಗಿತ) 0.4 ಮೆಗಾಪಾಸ್ಕಲ್ ಆದರೆ ಎಳೆದ ದಿಕ್ಕಿಗೆ 0.633 ಮೆಗಾಪಾಸ್ಕಲ್ ಸ್ಟ್ರೆಸ್ ಬರಬೇಕು. ಪಿ-ಯನ್ನು ಎಡಗಡೆ ಗುಣಿಸಿದ ತಪ್ಪು ಈ ಪರೀಕ್ಷೆಗೆ ಸಿಕ್ಕಿಬೀಳಲ್ಲ. ಅದನ್ನು ಹಿಡಿಯಲು ಹಾಳೆಯ ಸಮತಲದಲ್ಲೇ ಷಿಯರ್ ಕೊಟ್ಟು ನೋಡಿ.

ಅಚ್ಚರಿಯ ಮಾತೊಂದು: ಪುಣೆಯ ಮೇ ಬಿಸಿಲಿಗೆ, ಎಳೆಯದ ಹಾಳೆ ಎಲ್ಲ ಕಡೆಗೂ ಸಮನಾಗಿ ಹಿಗ್ಗಿದರೆ ಪಿ, ವಿಲೋಮ ಎರಡೂ ಹೊಡೆದುಹೋಗಿ ಐಸೋಟ್ರೋಪಿ ಹಾಗೇ ಇರುತ್ತೆ. ಗಾತ್ರ ಬದಲಾದದ್ದರಿಂದ ಶಕ್ತಿ ಸಾಂದ್ರತೆಯನ್ನು ಮಾತ್ರ, ಗಾತ್ರ ಎಷ್ಟು ಪಟ್ಟಾಯಿತು ಎಂದು ಹೇಳುವ ಪಿ-ಯ ಡಿಟರ್ಮಿನಂಟ್‌ನಿಂದ ಭಾಗಿಸಿ.