ಒಡವೆ ಸಾಲದ ನಿಯಮ ಬದಲಾದದ್ದು ಹೇಗೆ? ಬ್ಯಾಂಕ್ ನೀತಿ ವಿಶ್ಲೇಷಕಿಯನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಬ್ಯಾಂಕಿನ ನೀತಿ ವಿಭಾಗದಲ್ಲಿ ಹಿರಿಯ ವಿಶ್ಲೇಷಕಿ. ರಿಸರ್ವ್ ಬ್ಯಾಂಕ್ ಹೊಸ ನಿಯಮದ ಕರಡು ಹೊರಡಿಸಿದಾಗ ಅದನ್ನು ಓದಿ, ಲೆಕ್ಕ ಹಾಕಿ, ನಮ್ಮ ಬ್ಯಾಂಕಿನ ಅಭಿಪ್ರಾಯ ಬರೆದು ಕಳಿಸುವುದು ನನ್ನ ಕೆಲಸ. ಅದಕ್ಕೂ ಮುಂಚೆ ಏಳು ವರ್ಷ ಶಾಖೆಗಳಲ್ಲಿದ್ದೆ. ಜಾಸ್ತಿ ಕಾಲ ಕಳೆದದ್ದು ಒಡವೆ ಸಾಲದ ಕೌಂಟರಿನಲ್ಲಿ. ಗೊತ್ತಿರುವಷ್ಟು ಹೇಳುತ್ತೇನೆ, ಕೇಳಿ.

ಪ್ರಶ್ನೆ (ಬಿ.ಕಾಂ. ವಿದ್ಯಾರ್ಥಿನಿ, ಹಾಸನ): ಮೇಡಂ, ಪಾಲಿಸಿ ಅನಲಿಸ್ಟ್ ಅಂದರೆ ದಿನವಿಡೀ ಸುತ್ತೋಲೆ ಓದುತ್ತಾ ಕೂರುವುದಾ? ನಿಜವಾಗಿ ಏನು ಮಾಡುತ್ತೀರಿ?

ಉತ್ತರ: ಓದುವುದು ತುಂಬಾ ಇದೆ ಕಣಮ್ಮಾ. ಆದರೆ ಓದಿ ಮುಗಿದ ಮೇಲೆ ಕೆಲಸ ಶುರು. ಒಂದು ವಾಕ್ಯ ಹಿಡಿದುಕೊಂಡು, ನಾಳೆ ಇದು ಜಾರಿಯಾದರೆ ಕೌಂಟರಿನಲ್ಲಿ ಏನಾಗುತ್ತದೆ, ಯಾರಿಗೆ ತೊಂದರೆಯಾಗುತ್ತದೆ ಎಂದು ನೋಡಬೇಕು.

ಒಂದು ಉದಾಹರಣೆ ಕೊಡುತ್ತೇನೆ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಸಾಲದ ಬಗ್ಗೆ ಕರಡು ನಿಯಮ ಹೊರಡಿಸಿತು. ಅಡ ಇಡುವ ಒಡವೆ ಯಾರದ್ದು ಎಂದು ಪರಿಶೀಲಿಸಬೇಕು, ರಸೀದಿ ಇಲ್ಲದಿದ್ದರೆ ಮಾಲೀಕತ್ವ ಹೇಗೆ ಗೊತ್ತಾಯಿತು ಎಂದು ದಾಖಲೆ ಮಾಡಿಡಬೇಕು ಎಂದು ಅದರಲ್ಲಿತ್ತು. ಕದ್ದ ಮಾಲು ಬ್ಯಾಂಕಿಗೆ ಬರಬಾರದು ಎಂಬುದು ಉದ್ದೇಶ. ಅದು ಸರಿಯೇ. ಆದರೆ ಆ ಸಾಲು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಸೆರಗಿನ ಗಂಟು ಬಿಚ್ಚಿ ಕಾಸಿನ ಸರ ತೆಗೆಯುತ್ತಿದ್ದ ಅಜ್ಜಿಯರು. ಅತ್ತೆಯ ಅತ್ತೆಯಿಂದ ಬಂದ ಸರಕ್ಕೆ ರಸೀದಿ ಎಲ್ಲಿಂದ ತರುತ್ತಾರೆ?

ಇಂಥ ಮಾತನ್ನು ಸುಮ್ನೆ ಹೇಳಿದರೆ ಸಾಲದು, ಲೆಕ್ಕದಲ್ಲಿ ತೋರಿಸಬೇಕು. ಶಾಖೆಗಳಿಗೆ ಫೋನ್ ಮಾಡಿದೆವು. ದಿನಕ್ಕೆ ಎಷ್ಟು ಸಾಲ, ಅದರಲ್ಲಿ ಸಣ್ಣ ಮೊತ್ತದ್ದು ಎಷ್ಟು, ಎಷ್ಟು ಜನ ರಸೀದಿ ತರುತ್ತಾರೆ, ಒಂದು ಹೆಚ್ಚುವರಿ ಫಾರಂ ತುಂಬಲು ಎಷ್ಟು ನಿಮಿಷ ಬೇಕು ಎಂದು ಕೇಳಿದೆವು. ಎರಡು ವಾರ ಅದೇ ಕೆಲಸ. ಕೊನೆಗೆ ಉಳಿದದ್ದು ಮೂರು ಪುಟದ ಪತ್ರ.

ನಮ್ಮಂತೆ ತುಂಬಾ ಜನ ಬರೆದರು. ತಮಿಳುನಾಡು ಸರ್ಕಾರ ಆಕ್ಷೇಪ ಎತ್ತಿತು. 2 ಲಕ್ಷ ರೂಪಾಯಿವರೆಗಿನ ಸಣ್ಣ ಸಾಲಗಳನ್ನು ಹೊರಗಿಡಿ ಎಂದು ಕೇಂದ್ರ ಹಣಕಾಸು ಸಚಿವಾಲಯವೂ ಸಲಹೆ ಕೊಟ್ಟಿತು. ಜೂನ್ 6ಕ್ಕೆ ಅಂತಿಮ ನಿಯಮ ಬಂತು. ಒಡವೆ ನನ್ನದೇ ಎಂದು ಸಾಲಗಾರರು ಕೊಡುವ ದಾಖಲೆ ಅಥವಾ ಘೋಷಣೆ ಸಾಕು ಎಂದಾಯಿತು. ಮನೆ ಖರ್ಚಿನಂಥ ಬಳಕೆಯ ಸಾಲವನ್ನು ಒಡವೆಯ ಬೆಲೆಯ ಶೇ 75ರವರೆಗೆ ಮಾತ್ರ ಕೊಡಬಹುದು ಎಂದು ಕರಡಿನಲ್ಲಿ ಎಲ್ಲರಿಗೂ ಒಂದೇ ಮಿತಿ ಇತ್ತು. ಅಂತಿಮ ನಿಯಮದಲ್ಲಿ 2.5 ಲಕ್ಷದವರೆಗಿನ ಸಾಲಕ್ಕೆ ಶೇ 85, ಅಲ್ಲಿಂದ 5 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಜಾರಿಗೆ ತರಲು 2026ರ ಏಪ್ರಿಲ್ 1ರ ಗಡುವು.

ಪ್ರಶ್ನೆ (ಒಡವೆ ಸಾಲದ ಕೌಂಟರ್, ಚಿಕ್ಕಮಗಳೂರು ಜಿಲ್ಲೆ): ಮೇಡಂ, ಈ ಶೇ 85ರಿಂದ ನಮಗೆ ದಿನಾ ಜಗಳ. ಪೇಪರಿನಲ್ಲಿ 85 ಅಂತ ಬಂದಿದೆ, ನೀವು ಯಾಕೆ ಕಡಿಮೆ ಕೊಡುತ್ತೀರಿ ಅಂತಾರೆ. ಏನು ಹೇಳಲಿ?

ಉತ್ತರ: ಸರ್, ಒಂದು ಚೀಟಿಯಲ್ಲಿ ಈ ಲೆಕ್ಕ ಬರೆದು ತೋರಿಸಿ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಒಡವೆಯ ಬೆಲೆ 1 ಲಕ್ಷ ಅಂದುಕೊಳ್ಳಿ. ಮಿತಿ 85,000. ಅಸಲು, ಬಡ್ಡಿ ಎರಡನ್ನೂ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ, ಕೊನೆಯ ದಿನ ಕಟ್ಟಬೇಕಾದ ಒಟ್ಟು ಮೊತ್ತ ಈ ಮಿತಿ ದಾಟಬಾರದು. ಬಡ್ಡಿ ಶೇ 12 ಇದ್ದರೆ 85,000ವನ್ನು 1.12ರಿಂದ ಭಾಗಿಸಿ. ಕೈಗೆ ಸಿಗುವುದು ಸುಮಾರು 75,890. ಅದರ ಮೇಲೆ ವರ್ಷದ ಬಡ್ಡಿ ಸೇರಿದರೆ ಹತ್ತಿರ ಹತ್ತಿರ 85,000 ಆಗುತ್ತದೆ. ತಿಂಗಳು ತಿಂಗಳು ಬಡ್ಡಿ ಕಟ್ಟುವವರಿಗೆ ಈ ಕಡಿತ ಇಷ್ಟು ಬೀಳುವುದಿಲ್ಲ. ಸಂಬಳದವರಿಗೆ ಆ ದಾರಿ ಹೇಳಿ. ಬೆಳೆ ಬಂದಾಗ ಮಾತ್ರ ದುಡ್ಡು ನೋಡುವವರಿಗೆ ಅದು ಆಗದ ಮಾತು.

ಇನ್ನೊಂದು ಜಗಳ ಬೆಲೆಯದ್ದು, ಅಲ್ವಾ? ಗಿರಾಕಿ ಬರುವುದು ಅಂಗಡಿಯ ಬೋರ್ಡಿನ ಇವತ್ತಿನ ದರ ನೋಡಿಕೊಂಡು. ನಿಯಮದ ಪ್ರಕಾರ ಹಿಂದಿನ 30 ದಿನದ ಸರಾಸರಿ ಅಥವಾ ಹಿಂದಿನ ದಿನದ ಮುಕ್ತಾಯದ ದರ, ಎರಡರಲ್ಲಿ ಕಡಿಮೆ ಇರುವುದನ್ನು ಹಿಡಿಯಬೇಕು. ಚಿನ್ನ ಏರುತ್ತಿರುವಾಗ ಸರಾಸರಿ ಯಾವಾಗಲೂ ಕೆಳಗೇ ಇರುತ್ತದೆ. ಜೊತೆಗೆ ಕಲ್ಲಿನ ತೂಕ ಕಳೆಯಬೇಕು, ಮಜೂರಿಗೆ ಬೆಲೆ ಇಲ್ಲ. ಕೆಂಪು ಕಲ್ಲಿನ ದೊಡ್ಡ ಜುಮುಕಿ ತಂದವರ ಮುಖ ಆಗ ಬಾಡುವುದನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ.

ಹಾಗಿದ್ದರೂ ಈ ಬಿಗಿ ಬೇಕು ಎನ್ನುವುದು ನನ್ನ ಅಭಿಪ್ರಾಯ. ಬೆಲೆ ಬಿದ್ದಾಗ ಹರಾಜಿಗೆ ಹೋಗುವುದು ಮೊದಲು ಇಂಥವರ ಒಡವೆಯೇ.

ಪ್ರಶ್ನೆ (ಗೃಹಿಣಿ, ದಾವಣಗೆರೆ): ಅಕ್ಕಾ, ಇದೆಲ್ಲ ಬ್ಯಾಂಕಿಗೆ ಅನುಕೂಲ ಆಯಿತು. ನಮಗೆ ಆಗಿದ್ದು ಏನು?

ಉತ್ತರ: ನನಗೆ ತುಂಬಾ ಹತ್ತಿರವಾದ ನಿಯಮ ಒಂದಿದೆ, ಅದನ್ನೇ ಹೇಳುತ್ತೇನೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಖೆಯಲ್ಲಿ ಒಬ್ಬರು ಸೋಮವಾರ ಸಾಲ ಪೂರ್ತಿ ತೀರಿಸಿದರು. ಶುಕ್ರವಾರ ಮಗಳ ಮದುವೆ. ಒಡವೆ ಇಡುವ ಸೇಫಿಗೆ ಎರಡು ಕೀ, ಇಬ್ಬರು ಅಧಿಕಾರಿಗಳ ಹತ್ತಿರ ಒಂದೊಂದು. ಒಬ್ಬರು ರಜೆ ಹಾಕಿದ್ದರು, ಕೀ ಯಾರಿಗೂ ವಹಿಸಿಕೊಟ್ಟಿರಲಿಲ್ಲ. ಆ ತಾಯಿ ದಿನಾ ಬೆಳಗ್ಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಗುರುವಾರ ಸಂಜೆ ಐದೂವರೆಗೆ ಪೊಟ್ಟಣ ಕೈಗೆ ಕೊಟ್ಟೆವು. ಅವರು ನಮ್ಮನ್ನು ಬೈಯಲಿಲ್ಲ, ಅಲ್ಲೇ ಬಿಚ್ಚಿ ಓಲೆ ಎರಡೂ ಇದೆಯಾ ಎಂದು ಮುಟ್ಟಿ ನೋಡಿಕೊಂಡು ಹೊರಟುಬಿಟ್ಟರು. ಅವರಿಗೆ ಕೊಡಲು ನಮ್ಮ ಹತ್ತಿರ ಒಂದು ಕ್ಷಮೆ ಬಿಟ್ಟರೆ ಏನೂ ಇರಲಿಲ್ಲ.

ಈಗಿನ ನಿಯಮದಲ್ಲಿ ಸಾಲ ತೀರಿದ ದಿನವೇ ಒಡವೆ ಕೊಡಬೇಕು, ಹೆಚ್ಚೆಂದರೆ 7 ಕೆಲಸದ ದಿನಗಳ ಒಳಗೆ. ಬ್ಯಾಂಕಿನ ಕಾರಣದಿಂದ ಅದಕ್ಕಿಂತ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಆ ತಾಯಿಯ ನಾಲ್ಕು ದಿನಕ್ಕೆ ಈ ನಿಯಮದಲ್ಲೂ ಪರಿಹಾರ ಸಿಗುತ್ತಿರಲಿಲ್ಲ. 7 ದಿನ ಜಾಸ್ತಿಯಾಯಿತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ತಡಕ್ಕೆ ಒಂದು ಬೆಲೆ ಬಿತ್ತಲ್ಲ, ಕೀ ವಹಿಸಿಕೊಡದೆ ರಜೆ ಹೋಗುವುದು ಅದರಿಂದ ನಿಲ್ಲುತ್ತದೆ.

ಪ್ರಶ್ನೆ (ಖಾಸಗಿ ಕಂಪನಿ ನೌಕರ, ಬೆಂಗಳೂರು): ಇದ್ದಕ್ಕಿದ್ದಂತೆ ಪರ್ಸನಲ್ ಲೋನ್ ಬಡ್ಡಿ ಜಾಸ್ತಿಯಾಗಿತ್ತು. ರಿಸ್ಕ್ ವೆಯ್ಟ್ ಏರಿದೆ ಅಂದರು. ಹಾಗಂದರೆ?

ಉತ್ತರ: ಬ್ಯಾಂಕ್ ಕೊಡುವ ಪ್ರತಿ ಸಾಲದ ಹಿಂದೆ ತನ್ನ ಸ್ವಂತ ಬಂಡವಾಳ ಸ್ವಲ್ಪ ಇಟ್ಟಿರಬೇಕು. ಭಾರತದಲ್ಲಿ ಕನಿಷ್ಠ ಶೇ 9. ಯಾವ ಬಗೆಯ ಸಾಲ ಎಷ್ಟು ಅಪಾಯದ್ದು ಎಂದು ಅಳೆಯುವ ಅಂಕವೇ ರಿಸ್ಕ್ ವೆಯ್ಟ್. ಅದು 100 ಇದ್ದಾಗ 1 ಲಕ್ಷದ ಸಾಲಕ್ಕೆ 9,000 ರೂಪಾಯಿ. 2023ರ ನವೆಂಬರ್‌ನಲ್ಲಿ ಅಡಮಾನವಿಲ್ಲದ ಬಳಕೆ ಸಾಲಕ್ಕೆ ಅದನ್ನು 125ಕ್ಕೆ ಏರಿಸಿದರು. 9,000 ಇದ್ದದ್ದು 11,250 ಆಯಿತು. ಆ ಖರ್ಚು ನಿಮ್ಮ ಬಡ್ಡಿಗೆ ಸೇರಿತು. ಗೃಹ ಸಾಲ, ವಾಹನ ಸಾಲ, ಶಿಕ್ಷಣ ಸಾಲ, ಚಿನ್ನದ ಸಾಲ ಇದರಿಂದ ಹೊರಗಿದ್ದವು. ಫೋನಿನಲ್ಲೇ ಐದು ನಿಮಿಷಕ್ಕೆ ಸಾಲ ಸಿಗುವ ಭರಾಟೆಗೆ ಕಡಿವಾಣ ಬೇಕಿತ್ತು, ಅದಕ್ಕೆ ಹೀಗೆ ಮಾಡಿದರು.

ಪ್ರಶ್ನೆ (ನಿವೃತ್ತ ಶಿಕ್ಷಕರು, ಮಂಡ್ಯ): ಸಹಕಾರಿ ಬ್ಯಾಂಕಿನಲ್ಲಿ ನನ್ನ 8 ಲಕ್ಷ ಎಫ್‌ಡಿ ಇದೆ. ಬೇರೆ ಬೇರೆ ಶಾಖೆಗೆ ಹಂಚಿದರೆ ವಿಮೆ ಪೂರ್ತಿ ಸಿಗುತ್ತದಾ?

ಉತ್ತರ: ಇಲ್ಲ ಮೇಷ್ಟ್ರೇ. ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲೂ ನಿಮ್ಮ ಹೆಸರಿನಲ್ಲಿ ಇರುವುದನ್ನು ಒಟ್ಟಿಗೆ ಸೇರಿಸುತ್ತಾರೆ. ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ. 2020ರ ಫೆಬ್ರುವರಿವರೆಗೆ ಇದು 1 ಲಕ್ಷವೇ ಇತ್ತು. ಬೇರೆ ಬ್ಯಾಂಕಿಗೆ ಹಂಚಿದರೆ ಅಲ್ಲಿ ಬೇರೆ 5 ಲಕ್ಷ. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ವಿಮೆಯ ಹಣವನ್ನು 90 ದಿನದೊಳಗೆ ಕೊಡಬೇಕು ಎಂದು 2021ರಲ್ಲಿ ಕಾನೂನು ತಿದ್ದಿದ್ದಾರೆ. ಇನ್ನೊಂದು ಮಾತು: ಹೆಸರಿನಲ್ಲಿ ‘ಸಹಕಾರಿ’ ಇದ್ದ ಮಾತ್ರಕ್ಕೆ ಅದು ಬ್ಯಾಂಕ್ ಅಲ್ಲ. ಸೌಹಾರ್ದ, ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ದಯವಿಟ್ಟು ನಾಳೆಯೇ ರಸೀದಿ ತೆಗೆದು ಹೆಸರು ನೋಡಿ.

ಪ್ರಶ್ನೆ (ಸದಸ್ಯರು, ಹುಬ್ಬಳ್ಳಿ): ಕರಡಿಗೆ ನಮ್ಮಂಥವರು ಬರೆದರೆ ಯಾರಾದರೂ ಓದುತ್ತಾರಾ ಮೇಡಂ? ದೊಡ್ಡ ಬ್ಯಾಂಕುಗಳ ಮಾತಷ್ಟೇ ನಡೆಯುವುದು.

ಉತ್ತರ: ದೊಡ್ಡವರ ಮಾತಿಗೆ ತೂಕ ಇದೆ, ನಿಜ. ಆದರೆ 2025ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ತನಗೇ ಒಂದು ಪದ್ಧತಿ ಹಾಕಿಕೊಂಡಿದೆ. ಸಾಮಾನ್ಯವಾಗಿ ಕರಡನ್ನು ಜನರ ಮುಂದಿಡಬೇಕು, ಅಭಿಪ್ರಾಯಕ್ಕೆ ಕನಿಷ್ಠ 21 ದಿನ ಕೊಡಬೇಕು. ಆ ಇಪ್ಪತ್ತೊಂದು ದಿನ ನಮ್ಮವರು ಬರೆಯುವುದು ತೀರಾ ಕಡಿಮೆ. ನನಗೆ ಬೇಸರವಾಗುವುದು ಅಲ್ಲೇ.

ಬರೆಯುವಾಗ ‘ಬಡವರಿಗೆ ಅನ್ಯಾಯ’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಎಷ್ಟನೇ ಪ್ಯಾರಾ, ಅದರಿಂದ ನಿಮಗೆ ಏನಾಗುತ್ತದೆ, ಅದರ ಬದಲು ಯಾವ ವಾಕ್ಯ ಇರಬೇಕು, ಈ ಮೂರನ್ನೂ ಬರೆಯಿರಿ. ಕೌಂಟರಿನಲ್ಲಿ ಕೂತವರು ಬರೆದ ಅರ್ಧ ಪುಟ ನನ್ನ ಮೂರು ಪುಟಕ್ಕಿಂತ ಗಟ್ಟಿ ಇರುತ್ತದೆ. ಚಿಕ್ಕಮಗಳೂರಿನ ಸರ್, ಮುಂದಿನ ಸಲ ನೀವು ಬರೆಯಲೇಬೇಕು.

ಪ್ರಶ್ನೆ (ಬಿ.ಕಾಂ. ವಿದ್ಯಾರ್ಥಿನಿ, ಹಾಸನ): ಈ ಕೆಲಸಕ್ಕೆ ಬರಬೇಕು ಅನಿಸುತ್ತಿದೆ ಮೇಡಂ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಳ್ಳೇದಮ್ಮಾ. ರಿಸರ್ವ್ ಬ್ಯಾಂಕಿಗೇ ಹೋಗಬೇಕಾದರೆ ಗ್ರೇಡ್ ಬಿ ಪರೀಕ್ಷೆ ಇದೆ. ಇಲ್ಲವಾದರೆ ನನ್ನ ಹಾಗೆ ಬ್ಯಾಂಕಿಗೆ ಸೇರಿ, ಶಾಖೆಯಲ್ಲಿ ಕೆಲವು ವರ್ಷ ಇದ್ದು ಬರಬಹುದು. ನನ್ನನ್ನು ಕೇಳಿದರೆ ಎರಡನೆಯದೇ ಒಳ್ಳೆಯ ಪಾಠ.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿ ಚಿನ್ನದ ಸಾಲದ ಏಪ್ರಿಲ್ ಕರಡು, ಜೂನ್‌ನ ಅಂತಿಮ ನಿಯಮ ಎರಡೂ ಇವೆ. ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟುಕೋ. ಬದಲಾದ ಪ್ರತಿ ವಾಕ್ಯಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಯಾರು ಕೇಳಿರಬಹುದು, ಯಾಕೆ ಎಂದು ಪಕ್ಕದಲ್ಲಿ ಬರೆ. ಮುಗಿದ ಮೇಲೆ ಫೋಟೋ ತೆಗೆದು ಇಲ್ಲೇ ಹಾಕು, ನಾನು ಓದಿ ಹೇಳುತ್ತೇನೆ.